ಗಣಿತದ ಸಂಶೋಧನೆ ಯಾರಪ್ಪನ ಸೊತ್ತು?

“ಬಿ.ಎಸ್ಸಿ. ಹುಡುಗರಿಗೆ ಸಂಶೋಧನೆ ಏತಕ್ಕೆ? ಮೊದಲು ಪಾಸಾಗಲಿ!” ವಿದ್ಯಾಭ್ಯಾಸದ ಗುತ್ತಿಗೆ ಹಿಡಿದಿರುವ ಮಹನೀಯರು ಜಿಲ್ಲೆಯ ಸರಕಾರಿ ಕಾಲೇಜುಗಳ ಮಾತು ಬಂದಾಗಲೆಲ್ಲ ಉದುರಿಸುವ ಮುತ್ತು ಇದು. ಅದರಲ್ಲೂ ಗಣಿತದ ಸಂಶೋಧನೆ ಎಂದುಬಿಟ್ಟರೆ ಅವರ ಹುಬ್ಬು ನೆತ್ತಿಗೇರುತ್ತದೆ. ಗಿರಣಿಯಲ್ಲಿ ನೂಲಿನ ಎಳೆ ಕೂಡಿಸುವವನ ಮಗಳು, ಸಂತೆಯಲ್ಲಿ ಬೆಲ್ಲದ ಅಂಗಡಿ ಹೂಡುವವನ ಮಗ ಗಣಿತದಲ್ಲಿ ಹೊಸದನ್ನು ಹುಡುಕುವುದೇ? ಹಾಗಾದರೆ ನಾವು ಒಂದು ಪ್ರಶ್ನೆ ಕೇಳುತ್ತೇವೆ. ಇದೇ ಮಹನೀಯರು ತಮ್ಮ ಮಕ್ಕಳಿಗೆ ಕಾಲೇಜು ಹುಡುಕುವಾಗ, ಅಲ್ಲಿ ಪ್ರಾಜೆಕ್ಟ್ ಉಂಟೇ, ಒಳ್ಳೆಯ ಪ್ರೊಫೆಸರು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾರ್ಗದರ್ಶನ ಮಾಡುವರೇ ಎಂದು ಮೊದಲು ವಿಚಾರಿಸುವುದೇಕೆ? ತಮ್ಮ ಮಕ್ಕಳಿಗೆ ಅಮೃತವಾದದ್ದು ನಮ್ಮ ಮಕ್ಕಳಿಗೆ ಅಜೀರ್ಣವಾಗುವುದು ಯಾವ ಶಾಸ್ತ್ರದ ಪ್ರಕಾರ?

ಮೊದಲು ಈ ಪ್ರಾಜೆಕ್ಟ್ ಎಂಬ ವಸ್ತು ಏನೆಂಬುದನ್ನು ವಾಚಕರಿಗೆ ತಿಳಿಸಬೇಕು. ಪದವಿ ತರಗತಿಯಲ್ಲಿ ಸಾಮಾನ್ಯವಾಗಿ ನಡೆಯುವುದು ಇಷ್ಟೆ. ಕೊಠಡಿ ತುಂಬ ಮಕ್ಕಳು ಕೂತಿರುತ್ತಾರೆ, ಉಪನ್ಯಾಸಕರು ಕಪ್ಪುಹಲಗೆಯ ಮೇಲೆ ಪ್ರಮೇಯ ಬರೆಯುತ್ತಾರೆ, ಮಕ್ಕಳು ಇಳಿಸಿಕೊಳ್ಳುತ್ತಾರೆ, ಪರೀಕ್ಷೆಯ ದಿನ ಕಕ್ಕುತ್ತಾರೆ. ಕೇಳುವ ಪ್ರಶ್ನೆಗಳಿಗೆಲ್ಲ ಉತ್ತರ ಮೊದಲೇ ಗೊತ್ತು. ಪ್ರಾಜೆಕ್ಟಿನ ರೀತಿ ಬೇರೆ. ಒಬ್ಬ ವಿದ್ಯಾರ್ಥಿ, ಒಬ್ಬ ಗುರು, ಒಂದು ಪ್ರಶ್ನೆ. ವಾರಕ್ಕೊಮ್ಮೆ ಇಬ್ಬರೂ ಎದುರುಬದುರು ಕೂರಬೇಕು. ಗುರು ಉತ್ತರ ಹೇಳಿಕೊಡುವುದಿಲ್ಲ. ಎಷ್ಟೋ ವೇಳೆ ಅವರಿಗೂ ಅದು ಗೊತ್ತಿರುವುದಿಲ್ಲ. ವಿದ್ಯಾರ್ಥಿಯು ಹಳೆಯ ಲೇಖನವೊಂದನ್ನು ಸಾಲು ಸಾಲಾಗಿ, ಒಂದು ಪುಟಕ್ಕೆ ಒಂದು ವಾರ ಹಿಡಿದರೂ ಚಿಂತೆಯಿಲ್ಲ, ಓದಬೇಕು. ಸಣ್ಣ ಸಣ್ಣ ಉದಾಹರಣೆಗಳನ್ನು ಕೈಯಾರೆ ಲೆಕ್ಕ ಹಾಕಬೇಕು. ಅವುಗಳಲ್ಲಿ ಒಂದು ಕ್ರಮವಿದೆಯೆಂದು ಕಂಡರೆ ಊಹಿಸಬೇಕು. ಊಹೆಯನ್ನು ಸಾಧಿಸಬೇಕು, ಇಲ್ಲವೆ ಅದನ್ನು ಮುರಿಯುವ ಒಂದು ಉದಾಹರಣೆಯನ್ನು ಹುಡುಕಿ ತರಬೇಕು. ಕಡೆಗೆ ಎಲ್ಲವನ್ನೂ ಬರೆದು, ಹಲಗೆಯ ಮುಂದೆ ನಿಂತು, ಕೇಳಿದವರಿಗೆಲ್ಲ ಉತ್ತರ ಕೊಡಬೇಕು.

ಗಿರಣಿಯ ಬಂಧುಗಳಿಗೆ ಇದು ಹೊಸ ಮಾತಲ್ಲ. ಮಗ್ಗದ ಕೆಲಸವನ್ನು ನಿಮ್ಮಲ್ಲಿ ಯಾರೂ ಪುಸ್ತಕ ಓದಿ ಕಲಿತವರಲ್ಲ. ಹಳೆಯ ಕೆಲಸಗಾರನ ಪಕ್ಕದಲ್ಲಿ ನಿಂತು, ಎಳೆ ಕಡಿದಾಗ ಅವನ ಬೆರಳು ಎಲ್ಲಿಗೆ ಹೋಗುತ್ತದೆಂದು ನೋಡಿ, ತಾವೇ ಹತ್ತು ಸಲ ಕೆಡಿಸಿ ಹನ್ನೊಂದನೆಯ ಸಲ ಸರಿಪಡಿಸಿ ಕಲಿತವರು. ಗಣಿತವನ್ನೂ ಹಾಗೆಯೇ ಕಲಿಯಬೇಕು. ಅದನ್ನು ನಮ್ಮ ಮಕ್ಕಳಿಗೆ ದೂರದಿಂದ ತೋರಿಸಿ, ಮುಟ್ಟಲು ಮಾತ್ರ ಬಿಡುತ್ತಿಲ್ಲ.

ಸಂಶೋಧನೆ ಎಂದರೆ ಆಕಾಶದ ಮೇಲಿನ ಸಂಗತಿ ಎಂದುಕೊಂಡಿರುವ ಅಂಗಡಿಯ ಅಣ್ಣಂದಿರು ಈ ಪತ್ರಿಕೆಯ ಅಂಚಿನಲ್ಲೇ ಒಂದು ಲೆಕ್ಕ ಮಾಡಿ ನೋಡಲಿ. ನಾಲ್ಕು ಅಂಕಿಯ ಒಂದು ಸಂಖ್ಯೆ, 3524 ಎನ್ನೋಣ. ಅದರ ಅಂಕಿಗಳನ್ನು ಇಳಿಕೆಯ ಕ್ರಮದಲ್ಲಿ ಬರೆದರೆ 5432, ಏರಿಕೆಯಲ್ಲಿ 2345. ದೊಡ್ಡದರಲ್ಲಿ ಸಣ್ಣದನ್ನು ಕಳೆಯಿರಿ: 3087. ಇದಕ್ಕೂ ಹಾಗೆಯೇ ಮಾಡಿ: 8730ರಲ್ಲಿ 0378 ಕಳೆದರೆ 8352. ಮತ್ತೊಮ್ಮೆ: 8532ರಲ್ಲಿ 2358 ಕಳೆದರೆ 6174. ಇನ್ನು ಎಷ್ಟು ಸಲ ಮಾಡಿದರೂ 6174 ಅಲ್ಲೇ ನಿಲ್ಲುತ್ತದೆ. ನಾಲ್ಕು ಅಂಕಿಗಳೂ ಒಂದೇ ಆಗಿರದ ಯಾವ ಸಂಖ್ಯೆಯನ್ನು ಹಿಡಿದರೂ ಏಳು ಹೆಜ್ಜೆಯೊಳಗೆ ಇಲ್ಲಿಗೇ ಬಂದು ಬೀಳುತ್ತದೆ. ಇದನ್ನು 1949ರಲ್ಲಿ ಕಂಡವರು ಡಿ. ಆರ್. ಕಾಪ್ರೇಕರ್. ವಿಶ್ವವಿದ್ಯಾನಿಲಯದ ಪ್ರೊಫೆಸರಲ್ಲ, ನಾಸಿಕದ ಹತ್ತಿರದ ದೇವಳಾಲಿಯಲ್ಲಿ ಶಾಲಾ ಉಪಾಧ್ಯಾಯರು, ಓದಿದ್ದು ಬಿ.ಎಸ್ಸಿ. ಮಾತ್ರ. ಪಂಡಿತರು ಬಹುಕಾಲ ಅವರನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. 1975ರಲ್ಲಿ ಅಮೆರಿಕದ ಮಾರ್ಟಿನ್ ಗಾರ್ಡ್ನರ್ ತಮ್ಮ ಅಂಕಣದಲ್ಲಿ ಬರೆದ ಮೇಲೆ ಹೊರಜಗತ್ತಿಗೆ ಅವರ ಹೆಸರು ಹರಡಿತು. ಮೂರು ಅಂಕಿಯ ಸಂಖ್ಯೆಗೆ 495 ಎಂಬ ಇಂಥದೇ ನಿಲುಗಡೆಯುಂಟು. ಐದು ಅಂಕಿಗೆ ಹೋದರೆ ಒಂದೇ ಸಂಖ್ಯೆಯ ಮೇಲೆ ನಿಲ್ಲುವುದಿಲ್ಲ, ಗಾಣದ ಎತ್ತಿನಂತೆ ಕೆಲವು ಸಂಖ್ಯೆಗಳನ್ನೇ ಸುತ್ತುತ್ತದೆ. ಹೀಗೇಕೆ? ಹತ್ತರ ಬದಲು ಎಂಟರ ಲೆಕ್ಕದಲ್ಲಿ ಬರೆದರೆ ಏನಾಗುತ್ತದೆ? ಪದವಿಯ ವಿದ್ಯಾರ್ಥಿಯೊಬ್ಬಳು ಒಂದು ವರ್ಷ ಕೂತು ಅಗೆಯಲು ಇಂಥ ಪ್ರಶ್ನೆ ಸಾಕು. ಇದಕ್ಕೆ ಲಕ್ಷಾಂತರ ರೂಪಾಯಿಯ ಪ್ರಯೋಗಶಾಲೆ ಬೇಡ. ಕಾಗದ, ಪೆನ್ಸಿಲು, ಜೊತೆಗೊಬ್ಬ ಗುರುವಿನ ವಾರಕ್ಕೊಂದು ಗಂಟೆ ಬೇಕು.

ಎಳೆಯರ ಕೈಯಲ್ಲಿ ಗಂಭೀರವಾದದ್ದೇನೂ ಆಗದು ಎನ್ನುವವರಿಗೆ 2002ರ ಕಾನ್ಪುರವನ್ನು ನೆನಪು ಮಾಡಿಕೊಡುತ್ತೇವೆ. ಹನ್ನೆರಡು ನಿಂಬೆಹಣ್ಣನ್ನು ಸಾಲಿಗೆ ನಾಲ್ಕರಂತೆ ಮೂರು ಸಾಲು ಜೋಡಿಸಬಹುದು. ಹದಿಮೂರನ್ನು ಒಂದೇ ಉದ್ದ ಸಾಲಾಗಿ ಇಡಬೇಕೇ ಹೊರತು ಸಮಸಾಲುಗಳಾಗಿ ಜೋಡಿಸಲು ಬಾರದು. ಅಂಥ ಸಂಖ್ಯೆ ಅವಿಭಾಜ್ಯ. ನೂರಾರು ಅಂಕಿಗಳ ಸಂಖ್ಯೆ ಅವಿಭಾಜ್ಯವೇ ಎಂದು ಒಂದೊಂದಾಗಿ ಭಾಗಿಸುತ್ತ ಕೂತರೆ ಯಂತ್ರಕ್ಕೂ ಯುಗಗಳು ಸಾಲವು. ಅಂಕಿಗಳು ಹೆಚ್ಚಿದರೂ ಹಿಡಿತದೊಳಗೇ ಮುಗಿಯುವ, ಅದೃಷ್ಟವನ್ನಾಗಲಿ ಸಾಧಿಸದ ಊಹೆಯನ್ನಾಗಲಿ ನಂಬದ ಒಂದು ವಿಧಾನ ಬೇಕೆಂದು ಜಗತ್ತಿನ ಗಣಿತಜ್ಞರು ಬಹುಕಾಲ ತಡಕಾಡಿದರು. ಕಾನ್ಪುರದ ಐ.ಐ.ಟಿ.ಯಲ್ಲಿ ಮಣೀಂದ್ರ ಅಗ್ರವಾಲ್ ಮತ್ತು ಸೋಮನಾಥ ಬಿಸ್ವಾಸ್ 1999ರಲ್ಲಿ ಒಂದು ದಾರಿಯ ಸುಳಿವು ಹಿಡಿದರು. ಆ ಮೇಲೆ ಆ ದಾರಿಯಲ್ಲಿ ನಡೆದವರು ಯಾರು? ಪದವಿ ವಿದ್ಯಾರ್ಥಿಗಳು! 2001ರಲ್ಲಿ ರಜತ್ ಭಟ್ಟಾಚಾರ್ಜಿ, ಪ್ರಶಾಂತ್ ಪಾಂಡೆ ಎಂಬ ಇಬ್ಬರು ತಮ್ಮ ಬಿ.ಟೆಕ್. ಪ್ರಾಜೆಕ್ಟಿನಲ್ಲಿ ಒಂದು ಊಹೆಯನ್ನು ಮುಂದಿಟ್ಟರು. ಮರುವರ್ಷ ನೀರಜ್ ಕಯಾಲ್, ನಿತಿನ್ ಸಕ್ಸೇನಾ ತಮ್ಮ ಬಿ.ಟೆಕ್. ಪ್ರಾಜೆಕ್ಟಿನಲ್ಲಿ ಅದನ್ನು ಸಾವಿರ ಕೋಟಿಯವರೆಗಿನ ಸಂಖ್ಯೆಗಳ ಮೇಲೆ ಒರೆಹಚ್ಚಿ ನೋಡಿದರು. ಅದೇ 2002ರ ಆಗಸ್ಟಿನಲ್ಲಿ ಅಗ್ರವಾಲ್, ಕಯಾಲ್, ಸಕ್ಸೇನಾ ಮೂವರೂ ಸೇರಿ ಇಡೀ ಪ್ರಶ್ನೆಯನ್ನೇ ಬಗೆಹರಿಸಿದರು. 2006ರಲ್ಲಿ ಗೋಡೆಲ್ ಪ್ರಶಸ್ತಿ ಅವರ ಪಾಲಾಯಿತು.

ಇದರಲ್ಲಿ ನಮಗೆ ಬಹಳ ಹಿಡಿಸಿದ ಸಂಗತಿ ಪ್ರಶಸ್ತಿಯಲ್ಲ. ಮೊದಲ ಇಬ್ಬರು ಹುಡುಗರ ಆ ಊಹೆ ಇಂದಿಗೂ ಸಾಧಿತವಾಗಿಲ್ಲ. ಅದು ಸುಳ್ಳಿರಬಹುದೆಂದು ಶಂಕಿಸಲು ಲೆನ್‌ಸ್ಟ್ರಾ, ಪೊಮರೆನ್ಸ್ ಎಂಬ ಗಣಿತಜ್ಞರು ಬಲವಾದ ಕಾರಣಗಳನ್ನೇ ಕೊಟ್ಟಿದ್ದಾರೆ. ಆದರೂ ಆ ವರ್ಷದ ದುಡಿಮೆ ಮುಂದಿನ ವರ್ಷದವರಿಗೆ ಮೆಟ್ಟಿಲಾಯಿತು. ಒಬ್ಬರು ಬಿಟ್ಟ ಎಳೆಯನ್ನು ಇನ್ನೊಬ್ಬರು ಹಿಡಿದರು. ಪ್ರಾಜೆಕ್ಟ್ ಎಂಬ ಏರ್ಪಾಡು ಕಾಲೇಜಿನಲ್ಲಿ ವರ್ಷ ವರ್ಷವೂ ತಪ್ಪದೆ ನಡೆದರೆ ಮಾತ್ರ ಹೀಗಾಗಲು ಸಾಧ್ಯ. ಆ ಹುಡುಗರ ಬುದ್ಧಿಯನ್ನು ನಾವು ಕಡಿಮೆ ಮಾಡುತ್ತಿಲ್ಲ. ಅವರ ಪಕ್ಕದಲ್ಲಿ ಗುರುವೊಬ್ಬರು ಕೂತಿದ್ದರು, ಕೂರಲು ಅವರಿಗೆ ಸರಕಾರ ಪುರಸತ್ತು ಕೊಟ್ಟಿತ್ತು, ಸಂಬಳ ಕೊಟ್ಟಿತ್ತು ಎಂಬುದನ್ನಷ್ಟೇ ನೆನಪಿಸುತ್ತಿದ್ದೇವೆ. ಆ ಹಣ ಬಂದದ್ದು ಬೆಂಕಿಪೊಟ್ಟಣಕ್ಕೂ ತೆರಿಗೆ ತೆರುವ ನಮ್ಮ ನಿಮ್ಮ ಜೇಬಿನಿಂದ.

ನಮ್ಮ ರಾಜಧಾನಿಯಲ್ಲೂ ಇಂಥ ಏರ್ಪಾಡು ಉಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು 2011ರಲ್ಲಿ ನಾಲ್ಕು ವರ್ಷದ ಪದವಿ ತೆರೆಯಿತು. ಕೊನೆಯ ವರ್ಷದಲ್ಲಿ ಪ್ರತಿ ವಿದ್ಯಾರ್ಥಿಗೂ ಪ್ರಾಜೆಕ್ಟ್. ಬಹಳ ಸಂತೋಷ. ಅಲ್ಲಿಗೆ ಹೋಗುವವರು ಎಷ್ಟು ಮಂದಿ, ಯಾರ ಮಕ್ಕಳು, ಹೋಗುವ ಮೊದಲು ಕೋಚಿಂಗಿಗೆ ಎಷ್ಟು ಸುರಿದವರು ಎಂಬುದನ್ನು ಮಾತ್ರ ಯಾರೂ ಕೇಳಬಾರದು!

ಇನ್ನು ನಮ್ಮ ಕಾಲೇಜುಗಳ ಕಥೆ. 2021ರಲ್ಲಿ ಹೊಸ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ತರುವುದರಲ್ಲಿ ಕರ್ನಾಟಕವೇ ಮೊದಲೆಂದು ಡಂಗುರ ಸಾರಿದರು. ಪದವಿ ನಾಲ್ಕು ವರ್ಷ, ನಾಲ್ಕನೆಯ ವರ್ಷದಲ್ಲಿ ಸಂಶೋಧನೆ ಎಂದರು. 2022ರ ಡಿಸೆಂಬರಿನಲ್ಲಿ ಯು.ಜಿ.ಸಿ. ಹೊರಡಿಸಿದ ಚೌಕಟ್ಟಿನಲ್ಲಿ ಈ ಸಂಶೋಧನೆಯ ಬಾಗಿಲಿಗೆ ಒಂದು ಬೀಗವನ್ನೂ ಜಡಿದರು: ಮೊದಲ ಆರು ಸೆಮಿಸ್ಟರುಗಳಲ್ಲಿ ಶೇ. 75 ಅಂಕ ಪಡೆದವರಿಗೆ ಮಾತ್ರ ಪ್ರವೇಶ. ಅಂದರೆ ಕಕ್ಕುವುದರಲ್ಲಿ ಗೆದ್ದವರಿಗಷ್ಟೇ ಯೋಚಿಸುವ ಹಕ್ಕು. ಆ ಮೇಲೆ ಸರಕಾರ ಬದಲಾಯಿತು. 2024ರ ಮೇ ತಿಂಗಳಿನಲ್ಲಿ ಆ ನೀತಿ ಕೆಟ್ಟದ್ದೆಂದು ಹೊಸಬರಿಗೆ ಮತ್ತೆ ಮೂರು ವರ್ಷದ ಪದವಿ ತಂದರು. ನಾಲ್ಕನೆಯ ವರ್ಷ ಹೋದದ್ದಕ್ಕೆ ನಾವು ಕಣ್ಣೀರಿಡುವವರಲ್ಲ. ಇನ್ನೊಂದು ವರ್ಷದ ಫೀಸು, ಬಸ್ಸಿನ ಪಾಸು, ಹಾಸ್ಟೆಲ್ಲಿನ ಊಟ ಬಡವನ ಬೆನ್ನಿನ ಮೇಲೆ ಬೀಳುತ್ತಿತ್ತು. ಅದನ್ನು ನಾವು ವಿರೋಧಿಸಿದವರೇ. ಆದರೆ ವರ್ಷವನ್ನು ತೆಗೆದವರು ಅದರೊಂದಿಗೆ ಸಂಶೋಧನೆಯನ್ನೂ ಏಕೆ ತೆಗೆಯಬೇಕಿತ್ತು? ನೆಗಡಿಯೆಂದು ಮೂಗು ಕೊಯ್ದ ಬುದ್ಧಿವಂತಿಕೆ ಇದು. ಮೂರನೆಯ ವರ್ಷದಲ್ಲೇ, ಒಂದು ಪತ್ರಿಕೆಯ ಬದಲಿಗೆ, ಬಯಸಿದವರಿಗೆ ಪ್ರಾಜೆಕ್ಟ್ ಕೊಡಲು ಯಾವ ಕಾನೂನು ಅಡ್ಡ ಬರುತ್ತದೆ?

ಶೇಕಡಾ ಎಪ್ಪತ್ತೈದರ ಮಾತಿಗೆ ಬರೋಣ. ಶ್ರೀನಿವಾಸ ರಾಮಾನುಜನ್ನರ ಭಾವಚಿತ್ರ ತೂಗುಹಾಕದ ಗಣಿತ ವಿಭಾಗ ಈ ದೇಶದಲ್ಲಿ ವಿರಳ. ಡಿಸೆಂಬರ್ 22ರಂದು ಹಾರ ಹಾಕಿ ಭಾಷಣ ಬಿಗಿಯುತ್ತಾರೆ. ಆ ರಾಮಾನುಜನ್ ಕುಂಭಕೋಣದ ಕಾಲೇಜಿನಲ್ಲಿ ಗಣಿತವೊಂದನ್ನೇ ಹಿಡಿದು ಉಳಿದ ವಿಷಯಗಳನ್ನು ಬಿಟ್ಟದ್ದರಿಂದ ವಿದ್ಯಾರ್ಥಿವೇತನ ಕಳೆದುಕೊಂಡರು, ಮದರಾಸಿನಲ್ಲಿ ಎಫ್.ಎ. ಪರೀಕ್ಷೆಯಲ್ಲೂ ನಪಾಸಾದರು. ಪದವಿಯೇ ಇಲ್ಲದ ಅವರು 1912ರಲ್ಲಿ ಮದರಾಸು ಬಂದರಿನ ಕಚೇರಿಯಲ್ಲಿ ತಿಂಗಳಿಗೆ 30 ರೂಪಾಯಿಯ ಗುಮಾಸ್ತೆ. 1913ರಲ್ಲಿ ಮದರಾಸು ವಿಶ್ವವಿದ್ಯಾನಿಲಯ ತನ್ನ ನಿಯಮವನ್ನು ಬದಿಗಿಟ್ಟು ಅವರಿಗೆ ತಿಂಗಳಿಗೆ 75 ರೂಪಾಯಿಯ ಸಂಶೋಧನ ವೇತನ ಕೊಟ್ಟಿತು. ಶರತ್ತು ಒಂದೇ: ಮೂರು ತಿಂಗಳಿಗೊಮ್ಮೆ ವರದಿ ಒಪ್ಪಿಸಬೇಕು. ಗಮನಿಸಿ, ಅಂದು ಕೊಟ್ಟದ್ದು ಎಪ್ಪತ್ತೈದು ರೂಪಾಯಿ. ಇಂದು ಕೇಳುತ್ತಿರುವುದು ಎಪ್ಪತ್ತೈದು ಅಂಕ. ಇಂದಿನ ಚೌಕಟ್ಟಿನ ಮುಂದೆ ರಾಮಾನುಜನ್ ಬಂದು ನಿಂತರೆ ಜವಾನನೇ ಹೊರಗೆ ಕಳಿಸುತ್ತಾನೆ, ಗೋಡೆಯ ಮೇಲಿನ ಹಾರ ಹಾಕಿದ ಭಾವಚಿತ್ರದ ಕೆಳಗೇ!

ಹೊಟ್ಟೆಯ ಪ್ರಶ್ನೆಯೂ ಇಲ್ಲೇ ಇದೆ. ಆ 75 ರೂಪಾಯಿ ರಾಮಾನುಜನ್ನರಿಗೆ ಮಿದುಳು ಕೊಡಲಿಲ್ಲ, ಹಗಲು ಕೊಟ್ಟಿತು. ಬಂದರಿನ ಲೆಕ್ಕದ ಪುಸ್ತಕದಿಂದ ಅವರ ಹಗಲನ್ನು ಬಿಡಿಸಿಕೊಟ್ಟಿತು. ನಮ್ಮ ಊರಿನ ಎಷ್ಟು ಮಕ್ಕಳು ಬೆಳಿಗ್ಗೆ ಕಾಲೇಜು, ಸಂಜೆ ಬಟ್ಟೆ ಅಂಗಡಿಯ ಗಲ್ಲಾ, ರಾತ್ರಿ ಮನೆಮನೆಗೆ ಊಟ ತಲುಪಿಸುವ ಬೈಕು ಎಂದು ಮೂರು ಪಾಳಿ ದುಡಿಯುತ್ತಿದ್ದಾರೆಂಬುದು ವಾಚಕರಿಗೆ ನಾವು ಹೇಳಬೇಕಾದ್ದಿಲ್ಲ. ಅವರಿಗೆ ಪ್ರಾಜೆಕ್ಟ್ ಮಾಡೆಂದರೆ ಯಾವ ಹೊತ್ತಿನಲ್ಲಿ ಮಾಡಬೇಕು? ಕೇಂದ್ರ ಸರಕಾರದ ಇನ್‌ಸ್ಪೈರ್ ವಿದ್ಯಾರ್ಥಿವೇತನ ವರ್ಷಕ್ಕೆ 80,000 ರೂಪಾಯಿ, ಅದರಲ್ಲಿ ಬೇಸಗೆಯ ಪ್ರಾಜೆಕ್ಟಿಗೆಂದೇ 20,000. ಕೇಳಲು ಇಂಪಾಗಿದೆ. ಅದಕ್ಕೆ ಅರ್ಹತೆಯೋ, ಹನ್ನೆರಡನೆಯ ತರಗತಿಯಲ್ಲಿ ತಮ್ಮ ಬೋರ್ಡಿನ ತುತ್ತತುದಿಯ ಶೇ. 1ರೊಳಗೆ ಬಂದಿರಬೇಕು, ಇಲ್ಲವೆ ಅಖಿಲ ಭಾರತದ ದೊಡ್ಡ ಪರೀಕ್ಷೆಗಳಲ್ಲಿ ಗೆದ್ದಿರಬೇಕು. ಅಲ್ಲೂ ಬೀಗ, ಇಲ್ಲೂ ಬೀಗ.

ಮಾರ್ಗದರ್ಶಕರ ಸ್ಥಿತಿಯೇನು? ಸರಕಾರಿ ಪ್ರಥಮ ದರ್ಜೆ ಕಾಲೇಜುಗಳನ್ನು ಇಂದು ಹೆಗಲ ಮೇಲೆ ಹೊತ್ತಿರುವವರಲ್ಲಿ ಸಾವಿರಾರು ಮಂದಿ ಅತಿಥಿ ಉಪನ್ಯಾಸಕರು. ‘ಅತಿಥಿ’ ಎಂಬ ಹೆಸರೇ ಒಂದು ಕುಚೋದ್ಯ. ಮನೆಗೆ ಬಂದ ಅತಿಥಿಗೆ ನಾವು ಉಣ್ಣಲಿಕ್ಕಿಯೇ ಕಳಿಸುತ್ತೇವೆ. ಇವರನ್ನು ವರ್ಷಗಟ್ಟಲೆ ದುಡಿಸಿಕೊಂಡು ಬೇಸಗೆ ಬಂದರೆ ಹೊರಗೆ ಕಳಿಸುತ್ತಾರೆ. 2023ರ ಕೊನೆಯಲ್ಲಿ ಇವರು ಸೇವೆ ಖಾಯಂ ಮಾಡಿರೆಂದು ತರಗತಿ ಬಹಿಷ್ಕರಿಸಿ ಬೀದಿಗಿಳಿದದ್ದನ್ನು ರಾಜ್ಯವೇ ನೋಡಿತು. ಗಿರಣಿಯ ಬದಲಿ ಕೆಲಸಗಾರನ ಪಾಡು ಬಲ್ಲವರಿಗೆ ಇವರ ಪಾಡನ್ನು ವಿವರಿಸಬೇಕಿಲ್ಲ. ಮುಂದಿನ ಜೂನಿನಲ್ಲಿ ತಾನಿರುತ್ತೇನೋ ಇಲ್ಲವೋ ತಿಳಿಯದ ಉಪನ್ಯಾಸಕಿ ಒಂದು ವರ್ಷದ ಪ್ರಶ್ನೆಯನ್ನು ವಿದ್ಯಾರ್ಥಿಯ ಕೈಗೆ ಹೇಗೆ ಕೊಟ್ಟಾಳು? ಪಾಠದ ಗಂಟೆಯನ್ನು ಲೆಕ್ಕಕ್ಕೆ ಹಿಡಿಯುವ ಇಲಾಖೆ, ಒಬ್ಬ ವಿದ್ಯಾರ್ಥಿಯೊಡನೆ ಕೂತ ಗಂಟೆಯನ್ನು ಹಿಡಿಯದಿದ್ದರೆ ಆ ಗಂಟೆ ಆಕೆಯ ರಕ್ತದಿಂದ ಬರಬೇಕು.

ಗಂಟೆ ಇಲ್ಲದ ಕಡೆ ಪ್ರಾಜೆಕ್ಟ್ ನಡೆಸಿದರೆ ಏನಾಗುತ್ತದೆಂಬುದಕ್ಕೆ ನಿದರ್ಶನ ಬೇಕಾದವರು ಯಾವ ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಗಾದರೂ ಹೋಗಲಿ. ಚಿನ್ನದ ಬಣ್ಣದ ಅಕ್ಷರದ ರಟ್ಟು, ಒಳಗೆ ಕಳೆದ ವರ್ಷದವರ ಪುಟಗಳು, ಹೆಸರೊಂದು ಹೊಸದು. ಅಂಗಡಿಯವನನ್ನು ಬೈದು ಪ್ರಯೋಜನವಿಲ್ಲ, ಅವನು ಕೇಳಿದ ಮಾಲು ಕೊಡುತ್ತಾನೆ. ಈಗಂತೂ ಗಣಕಯಂತ್ರವೇ ಕ್ಷಣಮಾತ್ರದಲ್ಲಿ ಐವತ್ತು ಪುಟ ಬರೆದು ಚೆಲ್ಲುತ್ತದೆ; ಅದರಲ್ಲಿ ಸಾಧನೆಯೆಂದು ಬರೆದದ್ದು ಸಾಧನೆಯೋ ಬೂಸಿಯೋ ಎಂದು ಹೇಳಲು ಓದಿದ ಕಣ್ಣೇ ಬೇಕು. ಇದನ್ನೇ ಮುಂದಿಟ್ಟುಕೊಂಡು ‘ನೋಡಿ, ಪ್ರಾಜೆಕ್ಟ್ ಎಂದರೆ ಮೋಸ, ರದ್ದು ಮಾಡಿ’ ಎನ್ನುವ ಬುದ್ಧಿವಂತರೂ ಇದ್ದಾರೆ. ತೂಕದಲ್ಲಿ ಮೋಸವಾಯಿತೆಂದು ತಕ್ಕಡಿಯನ್ನೇ ಬಿಸಾಡುವುದುಂಟೇ? ವಾರ ವಾರ ಹಲಗೆಯ ಮುಂದೆ ನಿಂತು ‘ಈ ಸಾಲಿನಿಂದ ಆ ಸಾಲು ಹೇಗೆ ಬಂತಮ್ಮಾ?’ ಎಂಬ ಪ್ರಶ್ನೆಗೆ ಉತ್ತರ ಕೊಟ್ಟವಳ ಪ್ರಾಜೆಕ್ಟನ್ನು ಯಾವ ಅಂಗಡಿಯೂ ಮಾರಲಾರದು.

ಭಾಷೆಯ ಮಾತನ್ನೂ ಇಲ್ಲಿ ಹೇಳಲೇಬೇಕು. ಹಳ್ಳಿಯ ಕನ್ನಡ ಶಾಲೆಯಿಂದ ಬಂದ ಹುಡುಗ ಪ್ರಶ್ನೆಯನ್ನು ಕನ್ನಡದಲ್ಲಿ ಯೋಚಿಸಿ, ಕನ್ನಡದಲ್ಲಿ ಬಿಡಿಸಿ, ಬರೆಯುವಾಗ ಮಾತ್ರ ಇಂಗ್ಲಿಷಿಗೆ ತಡವರಿಸಬೇಕು. ಗುರು ತಿದ್ದುವುದು ಗಣಿತವನ್ನಲ್ಲ, ವ್ಯಾಕರಣವನ್ನು. ಕನ್ನಡದಲ್ಲಿ ಗಣಿತ ಬರೆಯಲಾಗದೆನ್ನುವವರಿಗೆ ತಿಳಿದಿರಲಿ, ಹನ್ನೆರಡನೆಯ ಶತಮಾನದಲ್ಲೇ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ಬರೆದಿಟ್ಟಿದ್ದಾನೆ. ಲೇಖನಗಳನ್ನು ಇಂಗ್ಲಿಷಿನಲ್ಲಿ ಓದುವುದು ಅನಿವಾರ್ಯ, ಒಪ್ಪುತ್ತೇವೆ. ಆರ್ಕೈವ್ ಎಂಬ ಸಂಗ್ರಹದಲ್ಲಿ ಗಣಿತದ ಅಸಂಖ್ಯ ಲೇಖನಗಳು ಕಾಸಿಲ್ಲದೆ ಸಿಗುತ್ತವೆ, ಅವನ್ನು ನಮ್ಮ ಮಕ್ಕಳು ಓದಲೇಬೇಕು. ಆದರೆ ತಾನು ಕಂಡದ್ದನ್ನು ತನ್ನ ಭಾಷೆಯಲ್ಲಿ ಬರೆದು ಒಪ್ಪಿಸುವವನನ್ನು ಯಾರೂ ತಡೆಯಕೂಡದು.

ಈಗ ನಮ್ಮವರೊಡನೆಯೇ ಸ್ವಲ್ಪ ಜಗಳ. “ಇದರಿಂದ ಹೊಟ್ಟೆ ತುಂಬುತ್ತದೆಯೇ? ಮೂರು ವರ್ಷ ಓದಿಸಿದ್ದೇ ಹೆಚ್ಚು, ಇನ್ನು ಅಂಗಡಿಯಲ್ಲಿ ಕೂರಲಿ” ಎಂದು ಎಷ್ಟೋ ಮಂದಿ ಸಣ್ಣ ವ್ಯಾಪಾರಿ ಮಿತ್ರರು ನಮ್ಮ ಎದುರೇ ಹೇಳಿದ್ದಾರೆ. ಮಗಳ ವಿಷಯವಾದರೆ ಮಾತು ಇನ್ನೂ ಬೇಗ ಮುಗಿಯುತ್ತದೆ. ಪ್ರಾಜೆಕ್ಟ್ ಮಾಡಿದವರಿಗೆಲ್ಲ ನೌಕರಿ ಗ್ಯಾರಂಟಿ ಎಂದು ಸುಳ್ಳು ಹೇಳುವವರು ನಾವಲ್ಲ. ಆದರೆ ಒಂದು ವ್ಯವಹಾರದ ಸಂಗತಿ ಕೇಳಿ. ನಿಮ್ಮ ಮಗಳು ದೊಡ್ಡ ಸಂಸ್ಥೆಯೊಂದರ ಎಂ.ಎಸ್ಸಿ. ಸಂದರ್ಶನಕ್ಕೆ ಹೋದಾಗ ಎದುರಿನ ಕುರ್ಚಿಯಲ್ಲಿ ಪಟ್ಟಣದ ಸಿರಿವಂತರ ಮಗನೂ ಕೂತಿರುತ್ತಾನೆ. ಅವನ ಕೈಯಲ್ಲಿ ತಾನೇ ಬರೆದ ಪ್ರಾಜೆಕ್ಟ್, ಹತ್ತಿರದಿಂದ ಬಲ್ಲ ಪ್ರೊಫೆಸರರ ಪತ್ರ. ನಿಮ್ಮ ಮಗಳ ಕೈಯಲ್ಲಿ ಅಂಕಪಟ್ಟಿ ಒಂದೇ. ‘ನೀನಾಗಿಯೇ ಏನು ಯೋಚಿಸಿದ್ದೀಯೆ?’ ಎಂದು ಕೇಳಿದಾಗ ಅವನು ಒಂದು ಗಂಟೆ ಮಾತಾಡುತ್ತಾನೆ. ಆಕೆ ತಲೆ ತಗ್ಗಿಸುತ್ತಾಳೆ, ದಡ್ಡಿಯೆಂದಲ್ಲ, ಆ ಪ್ರಶ್ನೆಯನ್ನು ಆಕೆಗೆ ಅದುವರೆಗೆ ಯಾರೂ ಕೇಳಿಯೇ ಇರಲಿಲ್ಲ. ಖಾತೆ ಕಿರ್ದಿಯಲ್ಲಿ ಒಂದು ಪೈಸೆ ಹೆಚ್ಚುಕಡಿಮೆಯಾದರೆ ರಾತ್ರಿಯೆಲ್ಲ ಕೂತು ಹುಡುಕುವ ನೀವು ಈ ಲೆಕ್ಕವನ್ನು ಹೇಗೆ ಬಿಟ್ಟಿರಿ?

ಆದ್ದರಿಂದ ಸರಕಾರದಿಂದ ನಾವು ಕೇಳುವುದು ಹೀಗಿದೆ. ಸರಕಾರಿ ಕಾಲೇಜಿನ ಮೂರನೆಯ ವರ್ಷದ ಗಣಿತ ವಿದ್ಯಾರ್ಥಿಗಳಲ್ಲಿ ಬಯಸಿದವರಿಗೆಲ್ಲ, ಅಂಕದ ಬೀಗವಿಲ್ಲದೆ, ಪ್ರಾಜೆಕ್ಟ್ ದೊರೆಯಬೇಕು. ಮಾರ್ಗದರ್ಶನದ ಗಂಟೆಯನ್ನು ಖಾಯಂ ಆಗಲಿ ಅತಿಥಿಯಾಗಲಿ ಎಲ್ಲ ಉಪನ್ಯಾಸಕರ ಕೆಲಸದ ಹೊರೆಯಲ್ಲಿ ಸೇರಿಸಿ ಅದಕ್ಕೆ ಸಂಬಳ ಕೊಡಬೇಕು. ಒಬ್ಬರ ಕೊರಳಿಗೆ ಇಪ್ಪತ್ತು ಮಂದಿಯನ್ನು ಕಟ್ಟಕೂಡದು. ದುಡಿದು ಓದುವ ಮಕ್ಕಳಿಗೆ ಆ ಅವಧಿಯ ಮಾಸಿಕ ವೇತನ ಕೊಡಬೇಕು. ಬೊಕ್ಕಸ ಬರಿದಾಯಿತೆಂಬ ಹಳೆಯ ಹಾಡು ಬೇಡ. ಅತ್ಯಂತ ಅಗ್ಗದಲ್ಲಿ ಆಗುವ ವಿಜ್ಞಾನ ಸಂಶೋಧನೆ ಇದು. ಒಂದೊಂದು ಉದ್ಘಾಟನೆಯ ಶಾಮಿಯಾನ, ಹಾರ, ಕಾರುಗಳ ಖರ್ಚನ್ನು ಕೂಡಿಸಿದರೆ ಎಷ್ಟು ಮಕ್ಕಳ ವರ್ಷ ಕಳೆದೀತೆಂದು ಮಂತ್ರಿಮಹಾಶಯರೇ ಲೆಕ್ಕ ಹಾಕಲಿ. ಕೂಡಿಸುವ ಕಳೆಯುವ ಲೆಕ್ಕವಷ್ಟೆ, ಅದಕ್ಕೆ ಮಾರ್ಗದರ್ಶಕರು ಬೇಕಾಗಲಿಕ್ಕಿಲ್ಲ.

ಸರಕಾರ ಕಣ್ಣು ಬಿಡುವವರೆಗೆ ಕೈ ಕಟ್ಟಿ ಕೂರುವುದೂ ಬೇಡ. ಕಾರ್ಮಿಕ ಸಂಘದ ವಾಚನಾಲಯ ಭಾನುವಾರ ಮಧ್ಯಾಹ್ನ ಖಾಲಿ ಬಿದ್ದಿರುತ್ತದೆ. ಅಲ್ಲಿ ಒಂದು ಕಪ್ಪುಹಲಗೆ ಹಾಕಿಸಲು ಸಂಘದವರು ಒಪ್ಪಿದ್ದಾರೆ. ಸೀಮೆಸುಣ್ಣದ ಪೆಟ್ಟಿಗೆಗಳನ್ನು ಪೇಟೆಯ ಸ್ಟೇಷನರಿ ಅಂಗಡಿಯ ಮಿತ್ರರೊಬ್ಬರು ಕೊಡುತ್ತಾರೆ. ಪ್ರಶ್ನೆಯೊಂದನ್ನು ಹಿಡಿದು ಗುದ್ದಾಡುತ್ತಿರುವ ವಿದ್ಯಾರ್ಥಿಗಳು, ಗಂಟೆ ಕೊಡಬಲ್ಲ ಉಪನ್ಯಾಸಕರು, ನಿವೃತ್ತ ಮೇಷ್ಟರು ನಮ್ಮ ಕಚೇರಿಗೆ ಹೆಸರು ಕೊಡಲಿ. ಅಂಕಿಗಳೆಲ್ಲ ಒಂದೇ ಆಗಿರದ ಮೂರು ಅಂಕಿಯ ಸಂಖ್ಯೆಗಳೆಲ್ಲ 495ಕ್ಕೆ ಏಕೆ ಬಂದು ನಿಲ್ಲುತ್ತವೆಂಬುದನ್ನು ಕನ್ನಡದಲ್ಲಿ ಸಾಧಿಸಿ ತೋರಿಸುವವರಿಗೆ ಮೊದಲ ಭಾನುವಾರದ ಹಲಗೆ ಮೀಸಲು.